ಬೇಲಿಯಾಚೆಯ ಯಾಜಕರು

ಅವರ ಪಾದಗಳು ದೊಡ್ಡವು, ಚಪ್ಪಟೆ, ಸುಣ್ಣದಷ್ಟು ಬಿಳುಪು. ಮೇಲೆ ನೀಲಿ ನರಗಳು ಎದ್ದು ಕಾಣುತ್ತಿದ್ದವು. ಡ್ಯಾನ್‌ವಿಲ್‌ನ ನಮ್ಮ ಬೀದಿಯಲ್ಲಿ ಬೆಳಗಿನ ಚಳಿಯಲ್ಲೂ ಬರಿಗಾಲಲ್ಲಿ ಹುಲ್ಲು ತುಳಿದು ಬಂದು ಪೇಪರು ಎತ್ತಿಕೊಳ್ಳುತ್ತಿದ್ದವರು ಅವರೊಬ್ಬರೇ. ನಾವು ಆ ಮನೆಗೆ ಬಂದ ಮೊದಲ ವಾರ ಒಂದು ಚೀಲ ನಿಂಬೆಹಣ್ಣು ಹಿಡಿದು ಬಾಗಿಲಿಗೆ ಬಂದರು. ಯಾರೂ ಹೇಳದೆಯೇ ಚಪ್ಪಲಿ ಹೊರಗೆ ಬಿಟ್ಟರು. ನನ್ನ ಅತ್ತೆ, ಅಂದರೆ ಗಂಡನ ತಾಯಿ, ಅಡುಗೆಮನೆಯಿಂದಲೇ ಅದನ್ನು ಗಮನಿಸಿ, “ನೋಡೇ, ಎಂಥಾ ಸಂಸ್ಕಾರ” ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಅವರು ನಕ್ಕುಬಿಟ್ಟರು.

“ನಮ್ಮ ಹಿರಿಯರು ದೇವಾಲಯದಲ್ಲಿ ಬರಿಗಾಲಲ್ಲೇ ಕೆಲಸ ಮಾಡುತ್ತಿದ್ದರು. ಕಲ್ಲಿನ ನೆಲ, ಮೈ ಕೊರೆಯುವ ಚಳಿ. ಪಾಪ, ಎಲ್ಲರಿಗೂ ಹೊಟ್ಟೆನೋವು ಬರುತ್ತಿತ್ತಂತೆ. ಅದಕ್ಕೆಂದೇ ಅಲ್ಲೊಬ್ಬ ವೈದ್ಯನನ್ನು ಇಟ್ಟುಕೊಂಡಿದ್ದರು.”

ಅವರು ಯೆಹೂದಿ. ಅದರಲ್ಲೂ ಯಾಜಕರ ವಂಶ. ಬಹಳ ಹಿಂದೆ ಜೆರುಸಲೇಮಿನ ದೇವಾಲಯದಲ್ಲಿ ಬಲಿ ಅರ್ಪಿಸುತ್ತಿದ್ದವರು, ಧೂಪ ಹಾಕುತ್ತಿದ್ದವರು, ದೀಪದ ಬತ್ತಿ ಸರಿಮಾಡುತ್ತಿದ್ದವರು ಇವರ ಮನೆತನದವರು. ಆ ದೇವಾಲಯ ಸುಟ್ಟುಹೋಗಿ ಎರಡು ಸಾವಿರ ವರ್ಷವಾಗುತ್ತ ಬಂತು. “ಕೆಲಸ ಹೋಗಿದೆ, ರಾಜೀನಾಮೆ ಮಾತ್ರ ಕೊಟ್ಟಿಲ್ಲ” ಎನ್ನುತ್ತಿದ್ದರು. ಹೊಟ್ಟೆಪಾಡಿಗೆ ಕಾಲೇಜಿನಲ್ಲಿ ಪುರಾತನ ಧರ್ಮಗಳ ಪಾಠ ಹೇಳಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಸಿಯಾಟಲ್‌ನಲ್ಲಿದ್ದಳು. ಪಾಠ ಹೇಳಿದವರು ಎಂದು ತಿಳಿದದ್ದೇ ಅತ್ತೆ ಅವರನ್ನು ಮೇಷ್ಟ್ರು ಎಂದು ಕರೆಯಲು ಶುರುಮಾಡಿದರು. ಮನೆಯಲ್ಲಿ ನಮಗೆಲ್ಲ ಅದೇ ಹೆಸರಾಯಿತು.

ಅತ್ತೆ ಹಾಸನದವರು. ಇಂಗ್ಲಿಷು ಓದಲು ಬರುತ್ತಿತ್ತು, ಮಾತಾಡಲು ಸಂಕೋಚ. ಆ ಸಂಕೋಚವನ್ನು ಬಿಡಿಸಿದ್ದು ಮೇಷ್ಟ್ರೇ. ಸ್ನಾನ ಮಾಡಿ, ಮಡಿಸೀರೆ ಉಟ್ಟು ಹೂ ಕೊಯ್ಯಲು ಅತ್ತೆ ಹಿತ್ತಲಿಗೆ ಬಂದರೆ ಬೇಲಿಯಾಚೆ ಇವರು ಗಿಡಕ್ಕೆ ನೀರು ಹಾಕುತ್ತಿರುತ್ತಿದ್ದರು. ಒಂದು ದಿನ ನಿಂಬೆಹಣ್ಣು ಕೊಡಲು ಕೈ ಚಾಚಿದಾಗ ಅತ್ತೆ ಹಿಂದೆ ಸರಿದು, “ನೋ ಟಚ್ ಮೇಷ್ಟ್ರೇ, ಮಡಿ, ಮಡಿ!” ಎಂದುಬಿಟ್ಟರು. ನನಗೆ ನಾಚಿಕೆಯಾಗಿ ಓಡಿಹೋದೆ, ಸಮಾಧಾನ ಹೇಳೋಣವೆಂದು. ಮೇಷ್ಟ್ರ ಮುಖದಲ್ಲಿ ಬೇಸರವೇ ಇರಲಿಲ್ಲ. ಊರಿನವರು ಯಾರೋ ಸಿಕ್ಕಿದಂಥ ಖುಷಿ ಇತ್ತು. ಹಣ್ಣನ್ನು ಬೇಲಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, “ಇವರು ಈಗ ದೇವರ ಕೆಲಸಕ್ಕೆ ಹೋಗಬೇಕು. ನಾನು ಹೊರಗಿನವನು. ಇದು ನನಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು?” ಎಂದರು. ಅಂದಿನಿಂದ ಮಡಿ ಎಂಬ ಪದ ಅವರ ನಾಲಿಗೆಯ ಮೇಲೆ ಕೂತಿತು. ಒಮ್ಮೆ ಪಾರ್ಸಲ್ ತಂದ ಹೆಂಗಸೊಬ್ಬಳು ಅತ್ತೆಯ ಸಹಿ ಬೇಕೆಂದು ಹತ್ತಿರ ಹೋದಾಗ ಬೇಲಿಯ ಆಚೆಯಿಂದಲೇ, “ಶಿ ಈಸ್ ಇನ್ ಮಡಿ! ನಾನು ಹಾಕುತ್ತೇನೆ ಸಹಿ” ಎಂದು ಕೂಗಿದರಂತೆ.

ಇಬ್ಬರೂ ಬೇಲಿಯ ಎರಡು ಬದಿಯಲ್ಲಿ ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದರು. ಶನಿವಾರ ಭಾನುವಾರ ನಾನು ನಡುವೆ ನಿಂತು ಎರಡು ಭಾಷೆಗೂ ಸೇತುವೆಯಾಗುತ್ತಿದ್ದೆ. ಅತ್ತೆಗೆ ಮೊದಲಿನಿಂದ ಚುಚ್ಚುತ್ತಿದ್ದ ಪ್ರಶ್ನೆ ಒಂದೇ.

“ಅಲ್ಲ ಮೇಷ್ಟ್ರೇ, ಅಷ್ಟೊಂದು ಕುರಿ ಹೋರಿ ಕಡೀತಿದ್ರಲ್ಲ, ದೇವರಿಗೆ ಅದು ಬೇಕಿತ್ತಾ?”

ಮೇಷ್ಟ್ರು ಈ ಪ್ರಶ್ನೆಯನ್ನು ಜಾರಿಸಲಿಲ್ಲ. “ರಕ್ತ ಬಹಳ ಇತ್ತು. ನಾನು ಅದನ್ನು ಚಂದ ಮಾಡಿ ಹೇಳುವುದಿಲ್ಲ” ಎಂದರು. ಆಮೇಲೆ, “ಆದರೆ ನಮ್ಮ ಭಾಷೆಯಲ್ಲಿ ಬಲಿಗೆ ಇರುವ ಪದದಲ್ಲಿ ಕೊಲ್ಲುವುದೂ ಇಲ್ಲ, ಸುಡುವುದೂ ಇಲ್ಲ. ಹತ್ತಿರ ಬರುವುದು ಅಂತ ಅದರ ಮೂಲ. ಕುರಿ ತರುವ ಶಕ್ತಿ ಇಲ್ಲದವರು ಎರಡು ಪಾರಿವಾಳ ತರಬಹುದಿತ್ತು. ಅದೂ ಇಲ್ಲದವರು ಒಂದಿಷ್ಟು ಹಿಟ್ಟು. ಯಾಜಕ ಅದರಲ್ಲಿ ಒಂದು ಹಿಡಿ ತೆಗೆದು ಬೆಂಕಿಗೆ ಹಾಕುತ್ತಿದ್ದ. ಹೋರಿಯ ಹೊಗೆ ದೇವರಿಗೆ ಎಷ್ಟು ಇಷ್ಟವೋ ಹಿಟ್ಟಿನ ಹೊಗೆಯೂ ಅಷ್ಟೇ ಇಷ್ಟ ಅಂತ ನಮ್ಮವರು ಹೇಳಿದ್ದಾರೆ” ಎಂದರು.

ಅತ್ತೆ, “ಹಂಗಾದ್ರೆ ನಾನು ಹಿಟ್ಟಿನ ಕಡೆಯೋಳು” ಎಂದರು. ಮೇಷ್ಟ್ರು ಎದೆಯ ಮೇಲೆ ಕೈಯಿಟ್ಟು, “ನಾನೂ” ಎಂದರು.

ಎಲ್ಲದರಲ್ಲೂ ಹೀಗೆ ಒಮ್ಮತವಿತ್ತೆಂದಲ್ಲ. ಇಸ್ರೇಲರು ಪ್ರತಿ ಅರ್ಪಣೆಗೂ ಉಪ್ಪು ಹಾಕುತ್ತಿದ್ದರು ಎಂದು ಮೇಷ್ಟ್ರು ಹೇಳಿದ ದಿನ ಅತ್ತೆ ಎದ್ದೇ ನಿಂತರು. “ಹವಿಸ್ಸಿಗೆ ಉಪ್ಪಾ? ಶಾಂತಂ ಪಾಪಂ! ನಮ್ಮಲ್ಲಿ ಮುಟ್ಟಿಸೋ ಹಂಗೇ ಇಲ್ಲ.” ಉಪ್ಪು ಕೆಡುವುದಿಲ್ಲ, ದೇವರೊಡನೆ ಮಾಡಿಕೊಂಡ ಒಡಂಬಡಿಕೆಯೂ ಹಾಗೇ ಎಂದು ಅವರು, ದೇವರಿಗೆ ಹೋಗೋದು ಹುಟ್ಟಿದ ಹಾಗೇ ಸಪ್ಪೆಯಾಗಿ ಹೋಗಬೇಕು ಎಂದು ಇವರು. ಈ ಜಗಳ ಆ ಬೇಸಿಗೆಯೆಲ್ಲ ನಡೆಯಿತು. “ಅಜ್ಜಿ, ಸ್ಟಿಲ್ ದ ಸಾಲ್ಟ್ ಥಿಂಗ್?” ಎಂದು ನನ್ನ ಮಗಳು ರೇಗಿಸುತ್ತಿದ್ದಳು.

ಮೇಷ್ಟ್ರು ಪಾಲಿಸುತ್ತಿದ್ದ ಹಳೆಯ ನಿಯಮ ಮಾತ್ರ ಹೀಗೆ ತಮಾಷೆಯದಾಗಿರಲಿಲ್ಲ. ಯಾಜಕ ವಂಶದವನು ಹೆಣದ ಹತ್ತಿರ ಹೋಗಬಾರದು, ಹೆಣವಿರುವ ಸೂರಿನ ಕೆಳಗೆ ನಿಲ್ಲಬಾರದು, ಸ್ಮಶಾನದೊಳಗೆ ಕಾಲಿಡಬಾರದು. ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಇಷ್ಟು ಜನಕ್ಕೆ ಮಾತ್ರ ವಿನಾಯಿತಿ. ಅದು ನನಗೆ ತಿಳಿದದ್ದು ಅವರ ಜೀವದ ಗೆಳೆಯರೊಬ್ಬರು ತೀರಿಕೊಂಡ ದಿನ. ಮೇಷ್ಟ್ರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಕಾರು ಓಡಿಸುವಂತಿರಲಿಲ್ಲ. ನಾನೇ ಕರೆದುಕೊಂಡು ಹೋದೆ. ಗುಡ್ಡದ ಇಳಿಜಾರಿನಲ್ಲಿ ಸ್ಮಶಾನ. ಎಲ್ಲರೂ ಒಳಗೆ ಹೋದರು. ಇವರು ಹೊರಗೆ ಸೈಡ್‌ವಾಕಿನ ಮೇಲೆ ನಿಂತರು.

“ನೀವು ಒಳಗೆ ಹೋಗಲ್ವಾ?” ಎಂದೆ.

“ನನ್ನ ಜಾಗ ಇದು.”

ಕೈಯಲ್ಲಿ ಪ್ರಾರ್ಥನೆಯ ಪುಸ್ತಕ ಹಿಡಿದು, ಕಾಣದ ಕಣ್ಣಿನಲ್ಲಿ ದೂರದ ಗುಂಪನ್ನು ನೋಡುತ್ತ ಬಿಸಿಲಿನಲ್ಲಿ ನಿಂತೇ ಇದ್ದರು. ಎಲ್ಲ ಮುಗಿದು ಜನ ಹೊರಬಂದಾಗ ಗೆಳೆಯನ ಹೆಂಡತಿ ಇವರ ಪಕ್ಕದಲ್ಲೇ ಹಾದುಹೋದರು, ತಲೆಯೆತ್ತಲಿಲ್ಲ. ಮೇಷ್ಟ್ರು ಅವರ ಹೆಸರು ಹಿಡಿದು ಕರೆದರೂ ನಿಲ್ಲಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅವರೇ ಮಾತು ತೆಗೆದರು. “ಜೀವ ಕೊಡುವವನ ಮುಂದೆ ನಿಲ್ಲುವವನು ಸಾವಿನ ಸೋಂಕು ಹೊತ್ತು ಹೋಗಬಾರದು ಅಂತ ಇದ್ದ ನಿಯಮ ಇದು. ಈಗ ಗುಡಿ ಇಲ್ಲ, ಬಲಿಪೀಠ ಇಲ್ಲ, ನಿಲ್ಲುವ ಜಾಗವೇ ಇಲ್ಲ. ಆದರೂ ನಮ್ಮಪ್ಪ ಬೇಲಿಯಾಚೆ ನಿಂತರು. ಅವರಪ್ಪ ನಿಂತರು. ನನ್ನಲ್ಲಿಗೆ ಬಂದು ಅದು ನಿಂತುಹೋಗಬಾರದಲ್ಲ.”

“ಸಿಟ್ಟು ಬರೋದಿಲ್ವಾ ನಿಮಗೆ?”

“ಬರುತ್ತೆ. ಇವತ್ತು ಬಂತು.”

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ನಿಯಮವನ್ನೂ ಬಯ್ಯಲಿಲ್ಲ, ಆ ಹೆಂಗಸನ್ನೂ ಬಯ್ಯಲಿಲ್ಲ. ಮಜ್ಜಿಗೆ ಕಡೆದು ಲೋಟ ತುಂಬಿಸಿ ಬೇಲಿಯ ಮೇಲಿಟ್ಟು ಬಂದರು.

ಅದಾಗಿ ಒಂದೆರಡು ವರ್ಷಕ್ಕೆ, ಫೆಬ್ರವರಿಯ ಒಂದು ಬೆಳಿಗ್ಗೆ ಅತ್ತೆ ಹೋದರು. ನನ್ನ ಗಂಡ ಆಫೀಸಿನ ಕೆಲಸಕ್ಕೆ ಟೆಕ್ಸಸ್‌ಗೆ ಹೋಗಿದ್ದರು. ಮಗಳು ಶಾಲೆಯಿಂದ ಕ್ಯಾಂಪಿಗೆ ಹೋಗಿದ್ದಳು. ನಾನು ಬೆಳಗ್ಗೆಯೇ ಮೌಂಟನ್ ವ್ಯೂನ ಆಫೀಸಿಗೆ ಹೊರಟಾಗ ಅತ್ತೆ ಸ್ನಾನಕ್ಕೆ ನೀರು ಬಿಟ್ಟುಕೊಳ್ಳುತ್ತಿದ್ದರು, “ಊಟದ ಡಬ್ಬಿ ತಗೊಂಡ್ಯಾ?” ಎಂದು ಒಳಗಿನಿಂದಲೇ ಕೇಳಿದರು. ಅದೇ ಕೊನೆಯ ಮಾತು.

ನಮ್ಮ ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಅತ್ತೆ ದಿನವೂ ರಂಗೋಲಿ ಹಾಕುತ್ತಿದ್ದರು. ಆ ದಿನ ಬಿಸಿಲೇರಿದರೂ ರಂಗೋಲಿ ಇರಲಿಲ್ಲ. ಮೇಷ್ಟ್ರು ಗಮನಿಸಿ ಬೆಲ್ ಒತ್ತಿದರು. ಉತ್ತರ ಬರಲಿಲ್ಲ. ನಾವು ಊರಿಗೆ ಹೋದಾಗ ಗಿಡಗಳಿಗೆ ನೀರು ಹಾಕಲೆಂದು ಅವರ ಬಳಿ ನಮ್ಮ ಮನೆಯ ಬೀಗದ ಕೈ ಒಂದು ಇತ್ತು. ಒಳಗೆ ಹೋದರು. ಅತ್ತೆ ದೇವರ ಮುಂದೆ ಒರಗಿದಂತೆ ಬಿದ್ದಿದ್ದರು. ಮೇಷ್ಟ್ರು ತುರ್ತು ಸೇವೆಗೆ ಫೋನು ಮಾಡಿದರು. ಬಂದವರು ಪರೀಕ್ಷಿಸಿ, ಆಗಲೇ ಪ್ರಾಣ ಹೋಗಿದೆ ಎಂದು ಹೇಳಿ ಹೊರಟರು. ಪೊಲೀಸ್ ಅಧಿಕಾರಿಯೊಬ್ಬರು ಮಾತ್ರ ಹೊರಗೆ ತಮ್ಮ ಕಾರಿನಲ್ಲಿ ಕೂತು ಕಾಗದಪತ್ರ ನೋಡಿಕೊಳ್ಳುತ್ತಿದ್ದರು.

ಮೇಷ್ಟ್ರಿಂದ ಮೊದಲ ಫೋನು ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಹೇಗೆ ಎದ್ದು ಬಂದೆನೋ ತಿಳಿಯದು. ಗಂಡನಿಗೆ ಫೋನು ಮಾಡಿ, “ರೀ, ಅಮ್ಮ…” ಎಂದೆ, ಮುಂದಕ್ಕೆ ಹೇಳಬೇಕಾಗಲಿಲ್ಲ. ಸುನೋಲ್ ಗುಡ್ಡದ ಹತ್ತಿರ ಫ್ರೀವೇ ಪೂರ್ತಿ ನಿಂತಿತ್ತು. ಮುಂದೆ ಎಲ್ಲೋ ಆಕ್ಸಿಡೆಂಟು. ಮಳೆಗೆ ಹಸಿರಾದ ಗುಡ್ಡಗಳ ನಡುವೆ ಕಾರಿನಲ್ಲಿ ಕೂತು ನಾನು ಅಳುತ್ತಿದ್ದೆ. ಒಂದೇ ಯೋಚನೆ: ಮನೆಯಲ್ಲಿ ಅವರೊಬ್ಬರೇ ಬಿದ್ದಿದ್ದಾರೆ, ಪಕ್ಕದಲ್ಲಿ ಯಾರೂ ಇಲ್ಲ. ಆಗ ಮೇಷ್ಟ್ರ ಫೋನು ಮತ್ತೆ ಬಂತು.

“ನಿಧಾನವಾಗಿ ಬಾ. ಅವಸರ ಮಾಡಬೇಡ. ನಾನಿದ್ದೇನೆ.”

“ಎಲ್ಲಿದೀರಾ?” ಎಂದೆ.

“ಒಳಗೆ.”

ಜೀವದ ಗೆಳೆಯನಿಗಾಗಿ ದಾಟದ ಗೆರೆ ಅದು.

ಅವರು ಮೆಲ್ಲಗೆ ಮುಂದುವರಿಸಿದರು. “ಅವರು ಮಡಿಯಲ್ಲಿದ್ದರು. ಉಸಿರು ಇದೆಯಾ ಅಂತ ನೋಡಲು ಕೈ ಹಿಡಿದೆ, ಕ್ಷಮಿಸು. ಆಮೇಲೆ ಮುಟ್ಟಿಲ್ಲ. ಅವರು ಹಚ್ಚಿದ ದೀಪ ಇನ್ನೂ ಉರಿಯುತ್ತಿದೆ. ಎಣ್ಣೆ ಮುಗಿಯುತ್ತ ಬಂದಿದೆ. ನಾನು ಹಾಕಬಹುದಾ?”

“ಹಾಕಿ ಮೇಷ್ಟ್ರೇ. ನೀವು ಹಾಕದೆ ಇನ್ಯಾರು ಹಾಕಬೇಕು” ಎಂದೆ.

ನಾನು ಮನೆ ಸೇರಿದಾಗ ಅವರು ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಬರಿಗಾಲಲ್ಲಿ ಕೂತು, ಹೀಬ್ರೂ ಭಾಷೆಯಲ್ಲಿ ಏನನ್ನೋ ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಆ ವಯಸ್ಸಿನಲ್ಲಿ ಅಷ್ಟು ಹೊತ್ತು ನೆಲದ ಮೇಲೆ ಕೂತವರಿಗೆ ಏಳಲು ಆಗಲಿಲ್ಲ. ಎರಡು ಕೈ ಹಿಡಿದು ಎಬ್ಬಿಸಿದೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಬೇಲಿಯ ಹತ್ತಿರ ಕೇಳಿದೆ, ಯಾಕೆ ಒಳಗೆ ಉಳಿದಿರಿ ಎಂದು.

“ಒಂದು ಸಂದರ್ಭ ಇದೆ. ಸತ್ತವರ ಬಳಿ ಯಾರೂ ಇಲ್ಲದಿದ್ದರೆ, ಮಹಾಯಾಜಕನೇ ಆಗಲಿ, ಪೂಜೆಗೆ ಹೊರಟವನೇ ಆಗಲಿ, ಅದನ್ನು ಬಿಟ್ಟು ಅವರ ಹತ್ತಿರ ಹೋಗಬೇಕು.”

“ಅತ್ತೆಗೆ ನಾವೆಲ್ಲ ಇದ್ದೆವಲ್ಲ ಮೇಷ್ಟ್ರೇ.”

“ಆ ಹೊತ್ತಿಗೆ ಇರಲಿಲ್ಲ.” ಮತ್ತೆ ಹೇಳಿದರು: “ಹೀಗೆ ಮಾಡಬಹುದಾ ಅಂತ ಪುಸ್ತಕಗಳಲ್ಲಿ ಬೇಕಾದಷ್ಟು ವಾದ ಇದೆ. ಯೆಹೂದಿಗಳಲ್ಲದವರ ಹೆಣಕ್ಕೆ ಈ ನಿಯಮವೇ ಇಲ್ಲ ಅನ್ನುವವರೂ ಇದ್ದಾರೆ. ನಮ್ಮಪ್ಪ ಆ ಭೇದ ಮಾಡಲಿಲ್ಲ, ನಾನೂ ಮಾಡಿಲ್ಲ. ಇದನ್ನೆಲ್ಲ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಅವತ್ತು ಒಂದು ಸಾಲೂ ನೆನಪಿಗೆ ಬರಲಿಲ್ಲ. ಆಕೆ ಒಬ್ಬರೇ ಇದ್ದರು, ಅಷ್ಟೇ ಕಂಡದ್ದು.”

ಇದಾದ ಮೇಲೆ ಅವರು ಗೆಳೆಯನ ಹೆಂಡತಿಯನ್ನು ಹುಡುಕಿಕೊಂಡು ಹೋದರು. ನಡೆದದ್ದನ್ನು ಮುಚ್ಚಿಡದೆ ಹೇಳಿದರು. ಆಕೆ, “ಹಾಗಾದರೆ ನೀನು ಒಳಗೆ ಬರಬಹುದಿತ್ತು” ಎಂದರಂತೆ. ನನಗೆ ಕೇಳಿ ಕೋಪ ಬಂತು. ಮೇಷ್ಟ್ರು ತಲೆಯಾಡಿಸಿದರು. “ಇಲ್ಲ, ಅವನಿಗೆ ಊರು ತುಂಬ ಜನ ಇದ್ದರು. ಆದರೆ ಆಕೆಗೆ ಅದು ಹಾಗೆ ಕಾಣಬೇಕಾಗಿಲ್ಲ. ಬೈದರೂ ಟೀ ಮಾಡಿಕೊಟ್ಟಳು.” ಮುಂದಿನ ತಿಂಗಳು ಮತ್ತೆ ಹೋದರು. ಆಮೇಲೆ ಆಕೆಯೂ ಬರತೊಡಗಿದರು.

ಹೋದ ಚಳಿಗಾಲದಲ್ಲಿ ಮೇಷ್ಟ್ರು ತಮ್ಮ ಹಾಸಿಗೆಯಲ್ಲೇ, ಮಗಳ ಕೈ ಹಿಡಿದುಕೊಂಡು ತೀರಿಕೊಂಡರು. ನಮ್ಮ ಮನೆತನದ ಹೆಂಗಸರು ಸ್ಮಶಾನಕ್ಕೆ ಹೋಗುವ ರೂಢಿ ಇಲ್ಲ. ಅತ್ತೆಯ ದಹನದ ದಿನವೂ ನಾನು ಹೋಗಿರಲಿಲ್ಲ. ಮೇಷ್ಟ್ರನ್ನು ಹೂಳುವಾಗ ಹೋದೆ. ಪೆಟ್ಟಿಗೆಯನ್ನು ಇಳಿಸಿದ ಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಸಲಿಕೆ ಹಿಡಿದು ಮಣ್ಣು ಹಾಕಿದರು. ಗೆಳೆಯನ ಹೆಂಡತಿ ಹಾಕಿದರು, ನನ್ನ ಗಂಡ ಹಾಕಿದರು, ಅಳುತ್ತಾ ನನ್ನ ಮಗಳೂ ಹಾಕಿದಳು. ಒಬ್ಬರ ಕೈಯಿಂದ ಇನ್ನೊಬ್ಬರು ಸಲಿಕೆ ಇಸಿದುಕೊಳ್ಳಬಾರದು, ಮಣ್ಣಿನಲ್ಲಿ ಚುಚ್ಚಿ ಬಿಡಬೇಕು. ದುಃಖವನ್ನು ಕೈಬದಲು ಮಾಡಬಾರದೆಂದು. ನಾನೂ ಹಾಕಿದೆ. ಹಸಿಮಣ್ಣು, ತುಂಬ ಭಾರ.

ಹೊರಗೆ ಬಂದಾಗ ರಸ್ತೆಯ ಅಂಚಿನಲ್ಲಿ ಒಬ್ಬರೇ ನಿಂತಿದ್ದವರು ಕಂಡರು. ಮೇಷ್ಟ್ರ ತಮ್ಮನ ಮಗ. ನಡುವಯಸ್ಸಿನವರು, ಮೇಷ್ಟ್ರದೇ ಅಗಲ ಹಣೆ. ದೊಡ್ಡಪ್ಪ ವಿನಾಯಿತಿಯ ಸಂಬಂಧಗಳಲ್ಲಿ ಸೇರುವುದಿಲ್ಲ.

“ನಿಮಗೆ ಇಲ್ಲಿಂದ ಏನೂ ಕಾಣಿಸಿರಲ್ಲ ಅಲ್ವಾ?” ಎಂದೆ.

“ಇಲ್ಲ. ಹೇಳ್ತೀರಾ?”

ಹೇಳಿದೆ. ಪೆಟ್ಟಿಗೆ ಹೇಗೆ ಇಳಿಯಿತು, ಯಾರು ಯಾರು ಇದ್ದರು, ಮೇಷ್ಟ್ರ ಮಗಳು ಏನು ಹೇಳಿದಳು, ಮಣ್ಣು ಹೇಗೆ ಸದ್ದು ಮಾಡಿತು, ಎಲ್ಲ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಕೇಳಿದರು, “ನನ್ನ ಪರವಾಗಿ ಒಂದು ಸಲಿಕೆ ಮಣ್ಣು ಹಾಕಿ ಬರ್ತೀರಾ?”

ನಾನು ತಿರುಗಿ ಒಳಗೆ ಹೋದೆ.