ಬಣ್ಣದ ಕೋಳಿಗಳ ಆರು ತಿಂಗಳು

ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಈಗಲೂ ಒಮ್ಮೊಮ್ಮೆ ತೂತು ಹೊಡೆದ ರಟ್ಟಿನ ಪೆಟ್ಟಿಗೆಯೊಳಗಿಂದ ಒಂದು ದಿನದ ಕೋಳಿಮರಿಗಳ ಚಿಂವ್‌ಚಿಂವ್ ಕೇಳಿಸುತ್ತದೆ. ತಾಯಿಯ ರೆಕ್ಕೆಯನ್ನೇ ಕಾಣದ ಮರಿಗಳು ಅವು, ಆದರೂ ಅದನ್ನೇ ಕರೆಯುತ್ತಿರುತ್ತವೆ. ಅದು ಕಿವಿಗೆ ಬಿದ್ದರೆ ನಾನು ಹತ್ತಬೇಕಾದ ಬಸ್ಸನ್ನೂ ಬಿಟ್ಟು ನಿಂತುಬಿಡುತ್ತೇನೆ. ಹರಿಯಬ್ಬೆಯ ನಮ್ಮ ಮನೆ, ಶೇಂಗಾ ಸಿಪ್ಪೆಯ ಘಾಟು ತುಂಬಿದ ಅದರ ಹಿತ್ತಲು, ಅಲ್ಲಿ ಗೋಡೆಗೆ ಒರಗಿ ಕೂತ ತಿಪ್ಪೇಶ ಚಿಕ್ಕಪ್ಪ, ಎಲ್ಲ ಒಟ್ಟಿಗೆ ಕಣ್ಣೆದುರು ಬರುತ್ತವೆ.

ತಿಪ್ಪೇಶ ಚಿಕ್ಕಪ್ಪ ನನ್ನ ಅಪ್ಪನ ತಮ್ಮ. ನಮ್ಮದು ಕುರಿ ಕಾಯುವ ಮನೆ. ಕಾಲು ಮುರಿದ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡು ಗುಡ್ಡ ಇಳಿಯುತ್ತಿದ್ದವನು ಅವನು. ಆಮೇಲೆ ಕಲ್ಲು ಪುಡಿ ಮಾಡುವ ಕ್ರಷರಿನ ಕೆಲಸಕ್ಕೆ ಹೋಗಿ, ಕೆಲವೇ ವರ್ಷಗಳಲ್ಲಿ ಎದೆಯ ತುಂಬ ದೂಳು ತುಂಬಿಕೊಂಡು ವಾಪಸು ಬಂದ. ನಡುಮನೆಯಿಂದ ಹಿತ್ತಲಿಗೆ ಬರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಈ ದೂಳನ್ನು ಹೊರಗೆ ತೆಗೆಯುವ ಔಷಧಿ ಇಲ್ಲ ಎಂದರಂತೆ. "ಮೈಯಾಗೆ ಶಕ್ತಿ ಇದ್ದಷ್ಟು ದಿನ ತಡಕೊಳ್ತಾರೆ. ದಿನಾ ಎರಡು ಮೊಟ್ಟೆ ಕೊಡ್ರಿ" ಅಂದರಂತೆ. ಅಪ್ಪ ಮನೆಗೆ ಬಂದು ಮೊದಲ ಮಾತನ್ನು ಯಾರಿಗೂ ಹೇಳಲಿಲ್ಲ. ಮೊಟ್ಟೆಯ ಮಾತನ್ನು ಮಾತ್ರ ಹೇಳಿದ. ಅಜ್ಜಿ ಅದೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಅಂಗಡಿಯಲ್ಲಿ ಮೊಟ್ಟೆ ಸಿಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತಿತ್ತು. ಆದರೆ ಅದರ ವಾಸನೆಗೇ ಚಿಕ್ಕಪ್ಪನಿಗೆ ವಾಕರಿಕೆ ಬಂದು, ಕೆಮ್ಮು ಶುರುವಾದರೆ ತಿಂದದ್ದೆಲ್ಲ ಹೊರಗೆ ಬರುತ್ತಿತ್ತು. ಮನೆಯ ನಾಟಿ ಕೋಳಿಯ ಮೊಟ್ಟೆ ಮಾತ್ರ ಒಳಗೆ ಇಳಿಯುತ್ತಿತ್ತು. ಆ ಕೋಳಿಗಳೋ ಹತ್ತು ಹನ್ನೆರಡು ಇಟ್ಟು, ಕಾವಿಗೆ ಕೂತು, ತಿಂಗಳುಗಟ್ಟಲೆ ಇಡುವುದನ್ನೇ ಬಿಟ್ಟುಬಿಡುತ್ತಿದ್ದವು. ಅಜ್ಜಿ ದಿನವೂ ಗೂಡಿಗೆ ಕೈ ಹಾಕಿ ಬರಿಗೈಯಲ್ಲಿ ಬರುತ್ತಿದ್ದಳು.

ಅಪ್ಪ ಮರಿ ಮಾರುವ ಹ್ಯಾಚರಿಯಿಂದ ಒಂದು ಕಾಗದ ತಂದ. ನಾನು ಆಗ ಏಳನೇ ಕ್ಲಾಸು. ಎಲ್ಲರೂ ಹಿತ್ತಲಲ್ಲಿ ಕೂತರು, ನಾನು ಓದಿದೆ. ಗಿರಿರಾಜ ಅಂತ ಒಂದು, ಮೈತೂಕ ಬಹಳ, ಮೊಟ್ಟೆ ಕಡಿಮೆ. ಬಿಳಿ ಲೆಗಾರ್ನ್ ಅಂತ ಒಂದು, ಎಲ್ಲಕ್ಕಿಂತ ಹೆಚ್ಚು ಇಡುತ್ತದೆ, ಐದು ತಿಂಗಳಿಗೇ ಶುರು, ಆದರೆ ಪಂಜರದಲ್ಲೇ ಸಾಕಬೇಕು. ಸ್ವರ್ಣಧಾರ ಅಂತ ಇನ್ನೊಂದು, ಹಿತ್ತಲಲ್ಲಿ ಮೇಯುತ್ತದೆ, ಕಾವಿಗೆ ಕೂರುವುದಿಲ್ಲ, ನಾಟಿಯಂತೆಯೇ ಕಂದು ಮೊಟ್ಟೆ, ಇಡಲು ಆರು ತಿಂಗಳು.

"ದಿನಾ ಬಿಡದಂಗೆ ಇಡೋದು ಯಾವುದೈತೋ ಅದನ್ನೇ ತರಾಣ" ಅಂದಳು ಅಜ್ಜಿ.

"ಬಿಳೀವು ಬ್ಯಾಡವ್ವ" ಅಂದ ಚಿಕ್ಕಪ್ಪ. "ಆಸ್ಪತ್ರೆ ನೆನಪಾಗ್ತೈತೆ. ಬಣ್ಣದವು ಇರಲಿ, ಓಡಾಡಿಕೊಂಡು ಇರ್ತಾವೆ."

ಅಪ್ಪನಿಗೂ ಅದೇ ಸರಿ ಕಂಡಿತು. ಪಂಜರ ಎಲ್ಲಿ ಕಟ್ಟುವುದು, ನಮ್ಮ ಬಿಸಿಲಿಗೆ ಬಿಳಿ ಕೋಳಿ ಬದುಕೀತೇ ಎಂದು ಎಲ್ಲ ಯೋಚಿಸಿಯೇ ಆರಿಸಿದೆವು. ತಪ್ಪು ಲೆಕ್ಕ ಯಾರೂ ಹಾಕಲಿಲ್ಲ. ಐದು ತಿಂಗಳಿಗೂ ಆರು ತಿಂಗಳಿಗೂ ನಡುವಿನ ಒಂದು ತಿಂಗಳನ್ನು ಮಾತ್ರ ಯಾರೂ ಎಣಿಸಲಿಲ್ಲ.

ಇಪ್ಪತ್ತು ಮರಿ ಬಂದವು. ತೂಗುಹಾಕಿದ ಬುಟ್ಟಿಯ ಕೆಳಗೆ ಬಲ್ಬು ಇಳಿಬಿಟ್ಟು ಬೆಚ್ಚಗಿಟ್ಟೆವು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಚಿಕ್ಕಪ್ಪ ಹೇಗೂ ಕೂತೇ ಇರುತ್ತಿದ್ದ, ಮರಿಗಳ ಕಾವಲು ಅವನಿಗೇ ಬಿತ್ತು. ಬಿಸಿ ಹೆಚ್ಚಾಗಿ ಮರಿಗಳು ಬಲ್ಬಿನಿಂದ ದೂರ ಸರಿದರೆ ಬುಟ್ಟಿ ಎತ್ತುತ್ತಿದ್ದ, ಚಳಿಗೆ ಒಂದರ ಮೇಲೊಂದು ಬಿದ್ದರೆ ಇಳಿಸುತ್ತಿದ್ದ. ಮೊದಲ ವಾರದಲ್ಲೇ ಮೂರು ಸತ್ತವು. ಉಳಿದವು ಬೆಳೆದಂತೆ ಒಂದೊಂದರ ಜುಟ್ಟು ಕೆಂಪೇರತೊಡಗಿತು, ಅರ್ಧಕ್ಕರ್ಧ ಹುಂಜಗಳೇ. ಅಜ್ಜಿ ಒಂದೊಂದನ್ನೂ ಹಿಡಿದು ತಿರುಗಿಸಿ ನೋಡಿ ಕೆಳಗೆ ಬಿಡುತ್ತಿದ್ದಳು. ಎಂಟು ಹೇಂಟೆ ಉಳಿದವು. ಅವು ಎಷ್ಟು ಕಾಳು ತಿಂದರೂ, ನಾವು ಎಷ್ಟು ಸಲ ಹೋಗಿ ನೋಡಿದರೂ, ಅವುಗಳ ವಯಸ್ಸು ದಿನಕ್ಕೆ ಒಂದೇ ದಿನ ಏರುತ್ತಿತ್ತು. ಇತ್ತ ಚಿಕ್ಕಪ್ಪನ ಕೊರಳ ಮೂಳೆಗಳು ಎದ್ದು ಕಾಣತೊಡಗಿದವು. ಕೊನೆಕೊನೆಗೆ ಮಾತಾಡಲೂ ಅವನಿಗೆ ಉಸಿರು ಸಾಲುತ್ತಿರಲಿಲ್ಲ.

"ಮಂಜೀ, ಇಟ್ವೇನೇ?" ಎಂದು ನಾನು ಸ್ಕೂಲಿನಿಂದ ಬಂದಾಗ ಒಂದು ದಿನ ಕೇಳಿದ.

"ಇನ್ನೇನು ಇಡ್ತಾವೆ ಚಿಕ್ಕಪ್ಪ. ಜಾಗ ಹುಡುಕ್ತಾ ಅವೆ" ಅಂದೆ. ಅವು ಯಾವ ಜಾಗವನ್ನೂ ಹುಡುಕುತ್ತಿರಲಿಲ್ಲ.

ಅದಾದ ನಾಲ್ಕನೇ ದಿನ ಬೆಳಿಗ್ಗೆ ಅವನು ಹೋದ. ಮಣ್ಣು ಮಾಡಿ ಬಂದು ಮೂರು ವಾರಕ್ಕೆ ಮೊದಲ ಮೊಟ್ಟೆ ಬಂತು. ಆಮೇಲೆ ನಿಲ್ಲಲೇ ಇಲ್ಲ. ಕಾಗದದಲ್ಲಿ ಬರೆದಿದ್ದಂತೆಯೇ, ದಿನ ಬಿಡದೆ, ಐದು, ಆರು, ಒಮ್ಮೊಮ್ಮೆ ಏಳು. ಅಪ್ಪ ಕೋಳಿಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದಾಗ ಅಜ್ಜಿ ಒಪ್ಪಲಿಲ್ಲ. "ಅವು ಏನ್ ಮಾಡ್ಯಾವು. ಅವುಗಳ ಕಾಲ ಬಂತು, ಇಡ್ತಾವೆ" ಅಂದಳು.

ಈಗ ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಆ ಮನೆ ಕೆಡವಿ, ಜಾಗ ಬೇರೆಯವರ ಪಾಲಾಗಿ, ಹಿತ್ತಲಿದ್ದಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತದೆ. ನನಗೆ ಉಳಿದಿರುವುದು ಆ ವರ್ಷದ ಬೆಳಗುಗಳು. ಅಜ್ಜಿ ಗೂಡಿನಿಂದ ತೆಗೆದ ಮೊಟ್ಟೆಯನ್ನು ಬಿಸಿ ಆರುವವರೆಗೂ ಅಂಗೈಯಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದಳು. ಆಮೇಲೆ ಎರಡನ್ನು ಬೇಯಿಸಿ, ಸುಲಿದು, ಉಪ್ಪು ಉದುರಿಸಿ ನನ್ನ ತಟ್ಟೆಗೆ ಹಾಕುತ್ತಿದ್ದಳು. ನನಗೆ ಬೆಳೆಯುವ ವಯಸ್ಸು, ಹಸಿವು ಬಹಳ. ಅವಳ ಮುಖ ನೋಡದೆ ಎರಡನ್ನೂ ತಿಂದು ಮುಗಿಸುತ್ತಿದ್ದೆ.