ಮುಳುಗಬಾರದ ಊರು

ತಗಡಿನ ಡಬ್ಬಿಯೊಳಗೆ ಯಾರೋ ಬೆಳ್ಳಿಯ ಚಮಚ ಬೀಳಿಸಿದಂಥ ಸದ್ದು ಅದು. ಮೊದಲು ಕಿಣ್ ಎಂದು ಎದ್ದು, ಆಮೇಲೆ ಸ್ವಲ್ಪ ನಡುಗಿ, ಕೊನೆಗೆ ನೀರಿನೊಳಗೆ ಇಳಿದು ಹೋದಂತೆ ಸಣ್ಣಗಾಗುವ ಗಂಟೆ. ಮೊನ್ನೆ ಭಾನುವಾರ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ವಿಶಾಲಕ್ಕನ ಮನೆಯಲ್ಲಿ ಉಂಡು ಕೈ ತೊಳೆಯುತ್ತಿದ್ದಾಗ ಒಳಗಿನ ಕೋಣೆಯಿಂದ ಆ ಸದ್ದು ಬಂತು. ನಾನು ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತುಬಿಟ್ಟೆ. ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮುಖ ನೋಡಿದಳು. ನಲವತ್ತು ದಾಟಿದ ಹೆಂಗಸು, ಮೊಣಕಾಲು ನೋವೆಂದು ಬೆಳಿಗ್ಗೆಯಿಂದ ಹೇಳುತ್ತಿದ್ದವಳು, ಹುಡುಗಿಯಂತೆ ಕೋಣೆಗೆ ಓಡಿದಳು. ಅಲ್ಲಿ ಅವಳ ಮಗಳು ಚಿನ್ಮಯಿ ಮಂಚದ ಮೇಲೆ ಬೋರಲಾಗಿ ಮಲಗಿ ಕೈಯಲ್ಲೊಂದು ಆಟದ ಯಂತ್ರ ಹಿಡಿದುಕೊಂಡಿದ್ದಳು. ಅದರ ಅಂಗೈಯಗಲದ ಪರದೆಯಲ್ಲಿ ಒಂದು ಹೊಳೆ, ಹೊಳೆಗೊಂದು ಸೇತುವೆ, ಸೇತುವೆಯಾಚೆ ಗಂಟೆಯ ಗೋಪುರ. ನಮ್ಮ ಊರು!

ಹಳೆಯ ಆಟಕ್ಕೇ ಹೊಸ ಬಣ್ಣ ಕೊಟ್ಟು ಮತ್ತೆ ಬಿಟ್ಟಿದ್ದಾರಂತೆ. ಚಿನ್ಮಯಿಗೆ ನಮ್ಮ ಸಂಭ್ರಮ ನೋಡಿ ನಗು, ನಾವೂ ಇದನ್ನು ಆಡಿದ್ದೆವೆಂದರೆ ನಂಬಿಕೆ ಬೇರೆ ಇಲ್ಲ. ಅವಳು ಹೇಳಿದ ಕತೆ ಹೀಗಿದೆ. ಈ ಸಾಹಸದ ಆಟ ಮೊದಲು ಬಂದಾಗ ಆಡಿದವರೆಲ್ಲ ಬೈದರಂತೆ. ಮೂರು ಹಗಲು ಕಳೆದರೆ ಹೊಳೆ ಉಕ್ಕಿ ಊರು ಮುಳುಗುತ್ತದೆ, ಅಷ್ಟರೊಳಗೆ ಎಲ್ಲ ಕೆಲಸ ಮುಗಿಸಬೇಕು, ತಲೆಯ ಮೇಲೆ ಕತ್ತಿ ಹಿಡಿದು ಆಡು ಎಂದರೆ ಅದೆಂಥ ಆಟ ಎಂದರಂತೆ. ಮಾಡಿದವರು ಹೆದರಿ ಮುಂದಿನ ಆಟಗಳಲ್ಲಿ ಆ ಗಡುವನ್ನೇ ತೆಗೆದುಹಾಕಿದರು. ಬೈದ ಹುಡುಗರು ಬೆಳೆದು ದೊಡ್ಡವರಾದ ಮೇಲೆ, ಅಂಥ ಆಟ ಮತ್ತೊಂದು ಬರಲೇ ಇಲ್ಲ ಎಂದು ಕೊರಗತೊಡಗಿದರು. ಈಗ ಹೊಸದರಲ್ಲಿ ಸೂರ್ಯನನ್ನು ನಿಲ್ಲಿಸುವ ಒಂದು ಗುಂಡಿ ಇಟ್ಟಿದ್ದಾರೆ, ಬೇಕಾದವರು ಒತ್ತಿಕೊಳ್ಳಬಹುದು. ಅದಕ್ಕೂ ಜಗಳ. ಹಿಂದೆ ಗಡುವು ಬೇಡವೆಂದು ಅತ್ತವರೇ ಈಗ ಗಡುವಿಲ್ಲದೆ ಆಟ ಸಪ್ಪೆ ಎನ್ನುತ್ತಿದ್ದಾರೆ. "ಇವ್ರಿಗೆ ಏನು ಬೇಕು ಅಂತ ಇವ್ರಿಗೇ ಗೊತ್ತಿಲ್ಲ ಮಾಮ" ಎಂದು ಅವಳು ತಲೆ ಕೊಡವಿದಳು. ನನಗೆ ನಗು ತಡೆಯಲಾಗಲಿಲ್ಲ. ಜಗತ್ತು ಇಷ್ಟು ವರ್ಷ ಆಡಿದ ಈ ಜಗಳವನ್ನು ನಾವು ಹರಿಹರದ ಒಂದು ಸಣ್ಣ ಪಡಸಾಲೆಯಲ್ಲಿ ಒಂದೇ ಬೇಸಿಗೆಯಲ್ಲಿ ಆಡಿ ಮುಗಿಸಿದ್ದೆವು.

ಆ ಪಡಸಾಲೆ ಈಗಿಲ್ಲ. ಅದಿದ್ದ ಕಾರ್ಖಾನೆಯ ವಸತಿಗೃಹಗಳ ಸಾಲೂ ಇಲ್ಲ. ಕ್ವಾರ್ಟರ್ಸ್ ಅನ್ನುತ್ತಿದ್ದೆವು ನಾವು, ಅದೇ ನಮಗೆ ಮನೆಯ ಹೆಸರೂ ಊರಿನ ಹೆಸರೂ ಆಗಿತ್ತು. ಬೆನ್ನಿಗೆ ಬೆನ್ನು ಕೊಟ್ಟು ಕೂತ ಒಂದೇ ಅಚ್ಚಿನ ಮನೆಗಳು. ಅಂಗಳಕ್ಕೊಂದು ಬೇವಿನ ಮರ. ಅಪ್ಪ ಪಾಳಿ ಮುಗಿಸಿ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಮನೆಯೆಲ್ಲ ಯಂತ್ರದೆಣ್ಣೆಯ ಬೆಚ್ಚಗಿನ ವಾಸನೆ. ನಮ್ಮ ಮನೆಗೂ ಪಕ್ಕದ ಖಾಜಾ ಚಾಚಾ ಮನೆಗೂ ಒಂದೇ ಗೋಡೆ. ಅವ್ವ ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಚಾಚಿ ಸೀನುತ್ತಿದ್ದರು, ಸೀನಿದ ಮೇಲೆ ಗೋಡೆ ಬಡಿದು ಇವತ್ತೇನ್ರಿ ಅಡಿಗೆ ಎಂದು ಕೇಳುತ್ತಿದ್ದರು. ಪಡಸಾಲೆಯ ಮೂಲೆಯಲ್ಲಿ, ದೇವರ ಗೂಡಿನ ಕೆಳಗೆ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ನಮ್ಮ ಅಜ್ಜಿ ಕೂತಿರುತ್ತಿದ್ದಳು. ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು, ಬಂದವರನ್ನು ಮಾತಾಡಿಸುವುದು ಎಲ್ಲ ಅಲ್ಲಿಂದಲೇ. ನಾನು ಮಾತು ಕಲಿತದ್ದು ಆ ಮೂಲೆಯಲ್ಲಿ.

ಚಾಚಾನ ಮಗ ನಾಸಿರ್ ನನ್ನ ವಾರಿಗೆಯವನು. ಅವನ ಸೋದರಮಾವ ದುಬೈನಿಂದ ಬರುವಾಗ ಯಾರೋ ಮಾರಿದ ಹಳೆಯ ಆಟದ ಡಬ್ಬಿಯೊಂದನ್ನು ತಂದುಕೊಟ್ಟಿದ್ದ. ಆದರೆ ಅವರ ಮನೆಯ ಕಪ್ಪು-ಬಿಳುಪು ಟಿ.ವಿ.ಗೆ ಅದರ ವೈರು ಚುಚ್ಚಲು ತೂತೇ ಇರಲಿಲ್ಲ. ನಮ್ಮ ಮನೆಯ ಬಣ್ಣದ ಟಿ.ವಿ.ಗೆ ಇತ್ತು. ಹೀಗೆ ಅವರ ಡಬ್ಬಿ, ನಮ್ಮ ಟಿ.ವಿ., ಎರಡು ಮನೆ ಸೇರಿ ಒಂದು ಆಟ. ಪರದೆಯ ಮೇಲೆ ಬರುತ್ತಿದ್ದ ಅಕ್ಷರ ಮಾತ್ರ ಜಪಾನಿನವಂತೆ, ನಮಗೊಂದೂ ತಿಳಿಯುತ್ತಿರಲಿಲ್ಲ. ಅಜ್ಜಿಗೆ ಅದೇ ಅನುಕೂಲವಾಯಿತು. ಸೇತುವೆಯ ಮೇಲೆ ಕೊಡ ಹೊತ್ತು ಬರುವವಳಿಗೆ ಹಾಲಿನ ಗಂಗವ್ವ ಎಂದು ಹೆಸರಿಟ್ಟಳು, ಗೋಪುರದ ಮುದುಕನಿಗೆ ಗಂಟೆ ಸಿದ್ದಪ್ಪ, ಬಾಗಿಲಲ್ಲಿ ನಿಂತು ಯಾರಿಗೋ ಕಾಯುತ್ತಿದ್ದ ಹುಡುಗಿಗೆ ತಂಗ್ಯಮ್ಮ. ಅವರು ಬಾಯಿ ಆಡಿಸಿದಾಗಲೆಲ್ಲ ಏನು ಹೇಳುತ್ತಿದ್ದಾರೆಂದು ಅಜ್ಜಿಯೇ ಹೇಳುವಳು. ಗಂಗವ್ವನಿಗೆ ಸೊಸೆಯ ಕಾಟ, ಸಿದ್ದಪ್ಪನಿಗೆ ಕಿವಿ ಮಂದ. ಒಂದೇ ವಾರದಲ್ಲಿ ಆ ಊರು ನಮ್ಮ ಬೀದಿಯ ಮುಂದುವರಿಕೆಯಾಗಿ ಹೋಯಿತು.

ಆಡುತ್ತಿದ್ದದ್ದು ಹೇಗೆ ಅಂತೀರಿ! ಎಲ್ಲರೂ ಒಟ್ಟಿಗೆ ಕೂಗಿ, ಕುಪ್ಪಳಿಸಿ, ಬೆವತು. ನಾಸಿರ್‌ನ ಹೆಬ್ಬೆರಳು ಗುಂಡಿಯ ಮೇಲೆ, ವಿಶಾಲಕ್ಕನ ಬೆರಳು ಪರದೆಯ ಮೇಲೆ, ನನ್ನ ಬಾಯಿ ಇಬ್ಬರ ಕಿವಿಯ ಮೇಲೆ. ಮೇಲ್ತುದಿಯಲ್ಲಿ ಪುಟ್ಟ ಸೂರ್ಯನೊಬ್ಬ ಸರಿಯುತ್ತಿದ್ದ, ಹೊತ್ತು ಮುಳುಗಿದಾಗಲೆಲ್ಲ ಗಂಟೆ. ಆಟದ ಹುಡುಗನನ್ನು ಓಡಿಸಿ ಕೀಲಿಕೈ ಹುಡುಕಬೇಕು, ಮುರಿದ ತೂಬು ಕಟ್ಟಬೇಕು, ಹಗ್ಗ ತರಬೇಕು, ಅಷ್ಟರಲ್ಲಿ ಮೂರನೆಯ ಸಂಜೆ ಬಂದೇಬಿಡುತ್ತಿತ್ತು. ಹೊಳೆ ಕೆಂಪಗಾಗಿ ಏರತೊಡಗಿತೆಂದರೆ ಮೂಲೆಯಿಂದ ಅಜ್ಜಿಯ ದನಿ: "ಏ, ಬಂದ್ ಮಾಡ್ರಿ. ದೀಪ ಹಚ್ಚೋ ಮನ್ಯಾಗೆ ಊರು ಮುಳುಗಾದು ಬ್ಯಾಡ." ನಾವು ಬಂದ್ ಮಾಡಲೇಬೇಕು. ತುಂಗಭದ್ರೆ ಉಕ್ಕಿದ ವರ್ಷ ಅವಳ ತವರಿನ ಮನೆಯ ಗೋಡೆ ನೀರಿನಲ್ಲಿ ಕೂತುಹೋದದ್ದನ್ನು ಅವಳು ಗುಡಿಯ ಕಟ್ಟೆಯ ಮೇಲೆ ನಿಂತು ನೋಡಿದ್ದಳಂತೆ. ಬೇರೆ ಯಾವ ಮಾತಿಗೂ ಬಗ್ಗುತ್ತಿದ್ದ ಅಜ್ಜಿ ಈ ಮಾತಿಗೆ ಬಗ್ಗುತ್ತಿರಲಿಲ್ಲ. ಮಾರನೆಯ ದಿನ ಡಬ್ಬಿ ಹಚ್ಚಿದರೆ ಆಟದ ಹುಡುಗನ ಚೀಲ ಖಾಲಿ, ಕೀಲಿಕೈ ಇಲ್ಲ, ಹಗ್ಗ ಇಲ್ಲ. ಎಲ್ಲ ಮೊದಲಿನಿಂದ.

ಕ್ವಾರ್ಟರ್ಸಿನ ಹುಡುಗರು ಮೊದಲು ಕಿಟಕಿಗೆ ಜೋತುಬಿದ್ದು ನೋಡಿದರು, ಆಮೇಲೆ ಬೇಸತ್ತರು. ಇದೆಂಥ ದಂಡದ ಆಟ, ಕಾರಿನ ರೇಸಿನದಾದರೂ ತರಬಾರದಿತ್ತೇ ಎಂದು ಗೋಲಿ ಆಡಲು ಹೋದರು. ನಾಸಿರ್‌ಗೇ ಸಿಟ್ಟು ಬಂದು ಎರಡು ದಿನ ಡಬ್ಬಿ ಮುಟ್ಟಲಿಲ್ಲ. ಆಗ ವಿಶಾಲಕ್ಕ ಒಂದು ಕೆಲಸ ಮಾಡಿದಳು. ಹೇಗೂ ಎಲ್ಲ ಕಳೆದುಹೋಗುತ್ತದಲ್ಲ, ಓಡುವುದೇ ಬೇಡ ಎಂದು ತಾನೇ ಗುಂಡಿ ಹಿಡಿದು, ಮೂರೂ ಹಗಲು ಸುಮ್ಮನೆ ಗಂಗವ್ವನ ಹಿಂದೆ ನಡೆದಳು. ನಡೆದರೆ ನೋಡಿ, ಆ ಗಂಗವ್ವ ದಿನಾ ಬೇರೆ ಬೇರೆ ಮನೆಗೆ ಹಾಲು ಹಾಕುತ್ತಾಳೆ! ಎರಡನೆಯ ಮಧ್ಯಾಹ್ನ ಸೇತುವೆಯ ಕೆಳಗೆ ಕೂತು ಅಳುತ್ತಾಳೆ. ಕಿವಿ ಮಂದದ ಸಿದ್ದಪ್ಪ ಅದೇ ಹೊತ್ತಿಗೆ ಮೇಲಿನಿಂದ ಅವಳನ್ನು ನೋಡಿ ಟೊಪ್ಪಿಗೆ ತೆಗೆಯುತ್ತಾನೆ. ಓಡುವವರಿಗೆ ಇದ್ಯಾವುದೂ ಕಂಡಿರಲಿಲ್ಲ. ಸುದ್ದಿ ಹಬ್ಬಿತು, ಗೋಲಿ ಬಿಟ್ಟು ಹುಡುಗರು ವಾಪಸು ಬಂದರು. ಇವತ್ತು ಯಾರ ಹಿಂದೆ ನಡೆಯಬೇಕೆಂದು ಅಂಗಳದಲ್ಲೇ ಪಂಚಾಯ್ತಿ. ಅವ್ವ ಒಗ್ಗರಣೆ ಮಂಡಕ್ಕಿ ಮಾಡಿ ಮೊರದ ತುಂಬ ಸುರಿದರೆ ಸೂರ್ಯ ಅರ್ಧ ಆಕಾಶ ಏರುವಷ್ಟರಲ್ಲಿ ಮೊರ ಬರಿದು. ಹೊತ್ತು ಸಾಲದೆಂದು ಬೈದವರೇ ಈಗ, ಹೊತ್ತು ಹೋಗುತ್ತದಲ್ಲ ಎಂದು ಕಣ್ಣು ಮಿಟುಕಿಸದೆ ಕೂತಿದ್ದರು. ಚಿನ್ಮಯಿಯ ಜಗತ್ತಿನ ಜನಕ್ಕೆ ಇಷ್ಟು ವರ್ಷ ಹಿಡಿದದ್ದು ಇದೇ.

ಇಷ್ಟರಲ್ಲಿ ಎರಡು ಸುದ್ದಿ ಬಂದವು. ಒಂದು ನಾಸಿರ್‌ನ ಮಾವನ ಫೋನು. ಊರನ್ನು ಮುಳುಗಲು ಬಿಡಬೇಕಂತೆ, ಆಮೇಲೇ ನಿಜವಾದ ಆಟವಂತೆ, ಅದರ ಕೊನೆ ನೋಡಿದವರು ಬಹಳ ಕಡಿಮೆಯಂತೆ. ಇನ್ನೊಂದು ಸುದ್ದಿ ಅಪ್ಪ ತಂದದ್ದು. ಕಾರ್ಖಾನೆ ಮುಚ್ಚಿ, ಅದರ ಪಾಳಿಯ ಕೂಗು ನಿಂತು ಆಗಲೇ ಕೆಲವು ತಿಂಗಳಾಗಿತ್ತು. ಈಗ ರಜೆ ಮುಗಿಯುವುದರೊಳಗೆ ಮನೆಗಳನ್ನೂ ಬಿಡಬೇಕೆಂದರು. ಅಪ್ಪನಿಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿ ಅಲ್ಲಿಯ ಆನೆಕೊಂಡದಲ್ಲಿ ಬಾಡಿಗೆ ಮನೆ ಗೊತ್ತಾಯಿತು. ಚಾಚಾನವರು ಹುಬ್ಬಳ್ಳಿಗೆ. ದೊಡ್ಡವರು ಗೋಡೆಯ ಎರಡೂ ಕಡೆ ದನಿ ತಗ್ಗಿಸಿ ಮಾತಾಡಿಕೊಂಡರು. ನಮ್ಮ ಮೂವರಿಗೆ ಅದರಲ್ಲಿ ತಿಳಿದದ್ದು ಒಂದೇ: ಟಿ.ವಿ. ಒಂದು ದಿಕ್ಕಿಗೆ, ಡಬ್ಬಿ ಒಂದು ದಿಕ್ಕಿಗೆ. ಅಷ್ಟರೊಳಗೆ ಊರು ಮುಳುಗದಿದ್ದರೆ ಅದರ ಕೊನೆಯನ್ನು ನಾವು ಯಾವತ್ತೂ ಕಾಣುವುದಿಲ್ಲ. ಮೂಲೆಯಲ್ಲಿ ಅಜ್ಜಿ ಬತ್ತಿ ಹೊಸೆಯುತ್ತಲೇ ಇದ್ದಳು.

ಹೊರಡುವ ದಿನ ಬಂತು. ಗಂಟು ಮೂಟೆ ಕಟ್ಟಿ ಬಾಗಿಲ ಬಳಿ ಪೇರಿಸಿತ್ತು, ಒಡೆದೀತೆಂದು ಟಿ.ವಿ.ಯನ್ನು ಕೊನೆಗೆ ಉಳಿಸಿದ್ದರು. ಮಧ್ಯಾಹ್ನವೇ ನಾಸಿರ್ ಡಬ್ಬಿ ತಂದು ಚುಚ್ಚಿದ. ಅವರ ಟೆಂಪೊ ಸಂಜೆಯೊಳಗೆ ಬರುವುದಿತ್ತು. ಆಟದ ಮೂರನೆಯ ಸಂಜೆಗೆ ಹೊಳೆ ಕೆಂಪಾದಾಗ ಅಜ್ಜಿ ಬಾಯಿ ತೆರೆಯುವ ಮೊದಲೇ ವಿಶಾಲಕ್ಕ ಎದ್ದು ಅವಳ ಮುಂದೆ ಕೂತಳು.

"ಇವತ್ತು ಬಂದ್ ಮಾಡು ಅನ್ಬ್ಯಾಡಜ್ಜಿ."

"ಅವರು ಮುಳುಗಾದು ನೋಡಕ್ಕೆ ಅಷ್ಟು ಆಸೆನೇನೇ ನಿಮಗೆ? ಗಂಗವ್ವ ಎಲ್ಲಿಗೆ ಹೋಗ್ಬೇಕು?"

"ನಾವು ಬಂದ್ ಮಾಡಿದ್ರೆ ಆಕಿ ಉಳೀತಾಳ? ನೀರು ಕಾಲಿಗೆ ಬಂದಂಗೆ ನಿಂತೇ ಇರ್ತಾಳೆ. ಇಡೀ ಬೇಸಿಗೆ ಹಂಗೇ ನಿಲ್ಸೀವಿ."

ಅಜ್ಜಿ ಗಂಟುಗಳನ್ನು ನೋಡಿದಳು, ಬರಿದಾದ ದೇವರ ಗೂಡನ್ನು ನೋಡಿದಳು. ಆಮೇಲೆ ಮೊಣಕಾಲಿಗೆ ಕೈ ಕೊಟ್ಟು ಎದ್ದು, "ತಡೀರಿ, ದೀಪ ಹಚ್ಚಿಬಿಡ್ತೀನಿ. ಹಚ್ಚಾದು ಮುಗೀಲಿ ಮೊದ್ಲು" ಎಂದಳು. ಹೊರಗೆ ಬಿಸಿಲು ಸುಡುತ್ತಿತ್ತು. ಕಟ್ಟಿದ ಗಂಟು ಬಿಚ್ಚಿ ದೀಪ ತೆಗೆದು, ಎಣ್ಣೆ ಬಿಟ್ಟು, ಸಂಜೆಯ ದೀಪವನ್ನು ಅಷ್ಟು ಮುಂಚೆಯೇ ಬರಿಯ ಗೂಡಿನಲ್ಲಿ ಹಚ್ಚಿಟ್ಟು ಕೈ ಮುಗಿದಳು. ನಾಸಿರ್ ಆಟ ನಿಲ್ಲಿಸಿ ಹಿಡಿದಿದ್ದವನು ಅವಳ ಮುಖವನ್ನೇ ನೋಡುತ್ತಿದ್ದ. ಅಜ್ಜಿ ಬಂದು ನಮ್ಮ ನಡುವೆ, ಟಿ.ವಿ.ಗೆ ಅಷ್ಟು ಹತ್ತಿರ ಮೊದಲ ಸಲ ಕೂತಳು. "ಹೂಂ, ಬರ್ಲಿ" ಎಂದಳು.

ಬಂತು! ಆ ನೀರು ಬಂದ ಬಗೆಯನ್ನು ನಾನು ಹೇಗೆ ಹೇಳಲಿ? ಬೀದಿಯ ತುದಿಯಲ್ಲಿ ಮೊದಲೊಂದು ಹೊಳಪು, ಆಮೇಲೆ ಮೆಟ್ಟಿಲು, ಆಮೇಲೆ ಹೊಸ್ತಿಲು. ಸಿದ್ದಪ್ಪ ಹಗ್ಗ ಜಗ್ಗಿ ಜಗ್ಗಿ ಗಂಟೆ ಹೊಡೆಯುತ್ತಿದ್ದ, ಇಡೀ ಊರು ಗೋಪುರದ ಮೆಟ್ಟಿಲೇರುತ್ತಿತ್ತು. ಅಜ್ಜಿ ನನ್ನ ತೋಳು ಹಿಡಿದು ತಂಗ್ಯಮ್ಮ ಹತ್ತಿದ್ಲಾ, ಗಂಗವ್ವ ಎಲ್ಲಿ ಎಂದು ಕೇಳುತ್ತಲೇ ಇದ್ದಳು. ನಾವು ಮೂವರೂ ಕಿರುಚುತ್ತಿದ್ದೆವು. ನೀರು ಗಂಟೆಯವರೆಗೆ ಏರಿ ಪರದೆ ನೀಲಿಯಾಯಿತು, ಕಪ್ಪಾಯಿತು. ಆಮೇಲೆ, ಕತ್ತಲೊಳಗಿಂದ, ಒಂದು ಕೋಳಿ ಕೂಗಿತು. ಬೆಳಕು ಹರಿಯಿತು. ಸೇತುವೆಯ ಮೇಲೆ ಗಂಗವ್ವ ಕೊಡ ಹೊತ್ತು ಬರುತ್ತಿದ್ದಳು. ನಾಸಿರ್ ಚೀಲ ತೆರೆದು ನೋಡಿದ, ಕೀಲಿಕೈ ಅಲ್ಲೇ ಇತ್ತು, ಹಗ್ಗ ಅಲ್ಲೇ ಇತ್ತು. ಒಂದೂ ಹೋಗಿರಲಿಲ್ಲ. ಹಿಂದೆಂದೂ ಕಾಣದ ದೋಣಿಯೊಂದನ್ನು ನೀರು ದಡಕ್ಕೆ ತಂದು ಬಿಟ್ಟಿತ್ತು. ಆಟ ಶುರುವಾಗುವುದೇ ಅಲ್ಲಿಂದ! ಹೊರಗೆ ಟೆಂಪೊದ ಹಾರ್ನು ಕೇಳಿಸಿತು. ನಾಸಿರ್ ಗುಂಡಿಗಳನ್ನು ವಿಶಾಲಕ್ಕನ ಕೈಗೆ ತುರುಕಿ, ದೋಣಿ ಹತ್ತಕ್ಕ, ಹೋದಷ್ಟು ದೂರ ಹೋಗೋಣ ಎಂದ. ಅವಳು ಆಟದ ಹುಡುಗನನ್ನು ದಡದವರೆಗೆ ಓಡಿಸಿದಳು. ಆಗ ಅಜ್ಜಿ ಮೆಲ್ಲಗೆ ಅಂದಳು: "ಎಲ್ಲಾರೂ ಅದಾರೇನು ನೋಡವ್ವ ಒಂದ್ಸಲ."

ವಿಶಾಲಕ್ಕ ದೋಣಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ತಿರುಗಿ ಊರೊಳಗೆ ನಡೆದಳು. ಒಂದೊಂದೇ ಬಾಗಿಲು. ತಂಗ್ಯಮ್ಮ ಇದ್ದಾಳೆ. ಕಮ್ಮಾರ ಇದ್ದಾನೆ. ಸಿದ್ದಪ್ಪ ಮೆಟ್ಟಿಲು ಗುಡಿಸುತ್ತಿದ್ದಾನೆ. ಪ್ರತಿ ಮುಖಕ್ಕೂ ಅಜ್ಜಿ ಒಂದು ಹೂಂ ಎನ್ನುತ್ತಿದ್ದಳು. ಡಬ್ಬಿ ಒಯ್ಯಲು ಬಂದ ಖಾಜಾ ಚಾಚಾ ಚಪ್ಪಲಿ ಬಿಟ್ಟು ಒಳಗೆ ಬಂದವರು ಹಾಗೇ ಗೋಡೆಗೊರಗಿ ನಿಂತು, ಕೊನೆಯ ಮನೆ ಮುಗಿಯುವವರೆಗೂ ನೋಡಿದರು. ಆಮೇಲೆ ಯಾರಿಗೂ ನೋವಾಗದ ಹಾಗೆ ನಿಧಾನವಾಗಿ ವೈರು ಬಿಚ್ಚಿ ಸುತ್ತಿಕೊಂಡರು.

ಒಂದೆರಡು ಹಬ್ಬಕ್ಕೆ ಹುಬ್ಬಳ್ಳಿಯಿಂದ ಫೋನು ಬಂತು, ಆಮೇಲೆ ನಿಂತಿತು. ನಾಸಿರ್ ಆ ದೋಣಿ ಹತ್ತಿದನೋ ಇಲ್ಲವೋ ತಿಳಿಯದು. ಆನೆಕೊಂಡದ ಬಾಡಿಗೆ ಮನೆಯಲ್ಲೇ ಅಜ್ಜಿ ತೀರಿಕೊಂಡಳು. ಆಟದ ಕೊನೆಯನ್ನು ಬೇಕಾದರೆ ತೋರಿಸುತ್ತೇನೆ, ಯಾರೋ ಆಡಿ ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ ಎಂದು ಚಿನ್ಮಯಿ ಮೊನ್ನೆ ಹೇಳಿದಳು. ಅಕ್ಕ, ಕೆಲಸ ಐತೆ ಎಂದು ಎದ್ದು ಹೋದಳು. ನನಗೆ ಅವಳ ಮನಸ್ಸು ಗೊತ್ತು, ನಿಮಗೂ ಗೊತ್ತಾಗಿರಬೇಕು.

ಕ್ವಾರ್ಟರ್ಸ್ ಬಿಟ್ಟ ಆ ಸಂಜೆ ನಾವು ಲಾರಿಯ ಕ್ಯಾಬಿನ್ನಿನಲ್ಲಿ ಒಬ್ಬರ ಮೇಲೊಬ್ಬರು ಕೂತು ದಾವಣಗೆರೆಯ ದಾರಿ ಹಿಡಿದಿದ್ದೆವು. ಹರಿಹರ ಹಿಂದೆ ಬಿದ್ದು ಸ್ವಲ್ಪ ಹೊತ್ತಾಗಿತ್ತು. ಅವ್ವ ಕಿಟಕಿಯ ಕಡೆ ಮುಖ ಮಾಡಿದ್ದಳು. ಎರಡೂ ಕಡೆ ಗದ್ದೆಗಳು ಕಪ್ಪಾಗುತ್ತ ಬಂದವು. ಅಜ್ಜಿ ಇದ್ದಕ್ಕಿದ್ದಂತೆ, ಪಕ್ಕದ ಹಳ್ಳಿಯ ನೆಂಟರನ್ನು ವಿಚಾರಿಸುವಂತೆ ಕೇಳಿದಳು:

"ಆ ಊರಾಗೆ ಈಗ ಯಾವ ದಿನಾನೇ?"

ವಿಶಾಲಕ್ಕ ಅವಳ ಭುಜಕ್ಕೆ ತಲೆ ಇಟ್ಟಳು.

"ಮೊದಲ್ನೇ ದಿನ ಅಜ್ಜಿ. ಇನ್ನೂ ಬೆಳಿಗ್ಗೆ."