ಐದನೇ ತರಗತಿಯ ವಿಧಾನಸಭೆ

ಕರ್ನಾಟಕವು ನಮ್ಮ ಶಾಲೆಯ ಅಂಗಳದಲ್ಲಿ ಅಂಗಾತ ಮಲಗಿರುತ್ತಿದ್ದ ಕಾಲ ಅದು. ಜಗಳೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಮ್ಮೂರಿನಲ್ಲಿ ನಾನು ಐದನೇ ತರಗತಿ ಓದುತ್ತಿದ್ದೆ. ದಿನಚರಿ ಬರೆಯುವ ಚಟ ಆಗಲೇ ಅಂಟಿತ್ತು. ತಾರೀಖು, ವಾರ, ಮಳೆ ಬಂತೋ ಇಲ್ಲವೋ, ಶಾಲೆಗೆ ಯಾರು ಬಂದಿಲ್ಲ, ಬಿಸಿಯೂಟಕ್ಕೆ ಏನಿತ್ತು ಎಂಬುದನ್ನೆಲ್ಲ ಸಾಲಾಗಿ ಬರೆದು ಕೆಳಗೆ ಗೆರೆ ಎಳೆಯದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ದಸರಾ ರಜೆ ಮುಗಿದ ಮೊದಲ ಸೋಮವಾರ ಗಿರಿಜಾ ಮೇಡಂ ನಮ್ಮನ್ನೆಲ್ಲ ಅಂಗಳಕ್ಕೆ ಕರೆದರು. ನಾಲ್ಕು ಮತ್ತು ಐದನೇ ತರಗತಿಗೆ ಒಂದೇ ಕೋಣೆ, ಒಬ್ಬರೇ ಮೇಡಂ. ಅವರು ನ್ಯಾಮತಿಯವರು. ವಾರವಿಡೀ ಜಗಳೂರಿನ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನ ಊರಿನ ಬಸ್ಸು ಹತ್ತುತ್ತಿದ್ದರು. ಆ ದಿನ ಸುಣ್ಣದ ಪುಡಿಯಲ್ಲಿ ಅಂಗಳದ ತುಂಬ ರಾಜ್ಯದ ಗಡಿ ಎಳೆದರು. ಬಟ್ಟೆಗೆ ಹಾಕುವ ನೀಲಿಯನ್ನು ಬೂದಿಯಲ್ಲಿ ಕಲಸಿ ನಾವು ನದಿಗಳನ್ನು ಹರಿಸಿದೆವು. ಪಶ್ಚಿಮ ಘಟ್ಟಕ್ಕೆ ಇರುವೆ ಗೂಡಿನ ಕೆಂಪು ಮಣ್ಣು ಸುರಿದೆವು. ಗಾಳಿಗೆ ಗಡಿ ಅಳಿಸಿದಾಗಲೆಲ್ಲ ಮತ್ತೆ ಎಳೆಯುತ್ತಿದ್ದೆವು. ಮೇಡಂ ಭಾನುವಾರ ಊರಿಂದ ತಿರುಗಿ ಬರುವಾಗ ಹೊನ್ನಾಳಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ಒಂದು ಹಿಡಿ ಹೊಳೆಮರಳು ತರುತ್ತಿದ್ದರು. ಅದನ್ನು ತುಂಗಭದ್ರೆಯ ಪಕ್ಕದಲ್ಲಿ ಚೆಲ್ಲಿ, ಮೂಸಿ ನೋಡಿ ಎನ್ನುತ್ತಿದ್ದರು. ಹೊಳೆಯನ್ನೇ ಕಾಣದ ನಾವು ಮಂಡಿಯೂರಿ ಮೂಸುತ್ತಿದ್ದೆವು. ಹಸಿ ಹಸಿ, ಸ್ವಲ್ಪ ಮೀನಿನ ವಾಸನೆ.

ಆ ನಕಾಶೆಯ ಮೇಲೆ ಒಂಟಿಕಾಲಲ್ಲಿ ಕುಂಟುವುದೇ ನಮ್ಮ ಆಟ. ಮೇಡಂ ಬೀದರ್ ಎಂದರೆ ಬೀದರಿಗೆ, ಕಾರವಾರ ಎಂದರೆ ಘಟ್ಟ ತುಳಿಯದಂತೆ ಹಾರಿ ಕಾರವಾರಕ್ಕೆ. ನದಿಯಲ್ಲಿ ಕಾಲಿಟ್ಟವರು ಔಟು. ನ್ಯಾಮತಿ ಆಗಷ್ಟೇ ತಾಲ್ಲೂಕಾಗಿತ್ತು. ಪುಸ್ತಕದಲ್ಲಿ ಇನ್ನೂ ಇರಲಿಲ್ಲ. ಮೇಡಂ ಹೊನ್ನಾಳಿಯ ಪಕ್ಕ ಒಂದು ಬಿಳಿ ಕಲ್ಲಿಟ್ಟು, ಪುಸ್ತಕ ಬರೋತನಕ ಕಲ್ಲೇ ಸಾಕು ಎಂದರು.

ಚರಿತ್ರೆಗೆ ಅವರು ಕೊಟ್ಟ ಮನೆಪಾಠ ಒಂದೇ: ಮನೆಯ ಹಿರಿಯರು ಯಾವ ರಾಜ್ಯದಲ್ಲಿ, ಯಾವ ಜಿಲ್ಲೆಯಲ್ಲಿ ಹುಟ್ಟಿದರು ಎಂದು ಕೇಳಿಕೊಂಡು ಬರುವುದು. ನಮ್ಮ ತಾತ ಜಗುಲಿಯಲ್ಲಿ ಶೇಂಗಾ ಬಿಡಿಸುತ್ತಿದ್ದರು. ಮೈಸೂರು ರಾಜ್ಯ, ಚಿತ್ರದುರ್ಗ ಜಿಲ್ಲೆ ಎಂದರು. ಈಗ ಕರ್ನಾಟಕ, ದಾವಣಗೆರೆ ಜಿಲ್ಲೆ ಅಲ್ವಾ ತಾತ ಎಂದೆ.

"ಹೌದವ್ವ. ನಾನು ಕುಂತ ಜಾಗ ಬಿಟ್ಟು ಎದ್ದಿಲ್ಲ. ರಾಜ್ಯ, ಜಿಲ್ಲೆ ಎಲ್ಡೂ ಎದ್ದು ಹೋದ್ವು."

ಮರುದಿನ ಇದನ್ನು ಹೇಳಿದಾಗ ಮೇಡಂ ಎಷ್ಟು ನಕ್ಕರೆಂದರೆ, ಸೀಮೆಸುಣ್ಣ ಕೆಳಗೆ ಬಿತ್ತು.

ಸರ್ಕಾರದ ಪಾಠ ಬಂದಾಗ ಪುಸ್ತಕ ಮುಚ್ಚಿಸಿ ವಿಧಾನಸಭೆ ಮಾಡಿದರು. ಕುರಿ ಕಾಯುವ ಮನೆಯ ತಿಪ್ಪೇಶ ಮುಖ್ಯಮಂತ್ರಿ. ಯಾರ ಮಾತಿಗೂ ಎದುರು ಮಾತಾಡುವ ರೇಣುಕ ವಿರೋಧ ಪಕ್ಷದ ನಾಯಕಿ. ಎಣಿಸಾಕೆ ಬರೋರು ಬೇಕು ಈ ಕುರ್ಚಿಗೆ ಎಂದು ನನ್ನನ್ನು ಸಭಾಧ್ಯಕ್ಷೆ ಮಾಡಿದರು. ಅಧ್ಯಕ್ಷರಿಗೆ ಮತವಿಲ್ಲ ಎಂದು ತಿಳಿದು ನನಗೆ ಮುಖ ಸಪ್ಪಗಾಯಿತು. ಎರಡೂ ಕಡೆ ಸಮವಾದರೆ ಮಾತ್ರ ನಿನ್ನ ಕೈ ಎಂದು ಮೇಡಂ ಸಮಾಧಾನ ಮಾಡಿದರು. ಶುಕ್ರವಾರ ಊಟವಾದ ಮೇಲೆ ಅಧಿವೇಶನ. ಸಾಂಬಾರಿನ ವಾಸನೆಯ ಕೈಗಳನ್ನೇ ಎತ್ತಿ ಮತ ಹಾಕುತ್ತಿದ್ದೆವು. ನಲ್ಲಿಯ ಸರದಿಗೆ ಒಂದು ಕಾನೂನು, ಅಡ್ಡಹೆಸರು ಕೂಗಿದವರಿಗೆ ಒಂದು ಕಾನೂನು. ಮಾಡಿದ ಕಾನೂನು ಮಾಡಿದವರಿಗೂ ಅನ್ವಯ ಎನ್ನುವುದು ಮೇಡಂ ದಿನವೂ ಹೇಳುತ್ತಿದ್ದ ಮಾತು.

ನಮ್ಮ ದೊಡ್ಡ ಕಾನೂನು ತಂದವಳು ರೇಣುಕ. ಜೋಳ, ಶೇಂಗಾ ಮನೆಗೆ ಬಂದ ಮೇಲೆ ನಮ್ಮ ಕಡೆಯ ಕುರಿಯವರು ಮಂದೆ ಹೊಡೆದುಕೊಂಡು ಚನ್ನಗಿರಿ, ಹೊನ್ನಾಳಿಯ ನೀರಾವರಿ ಸೀಮೆಗೆ ಹೋಗುತ್ತಾರೆ. ಅಲ್ಲಿ ಕುಯ್ಲಾದ ಗದ್ದೆಗಳಲ್ಲಿ ರಾತ್ರಿ ಕುರಿ ಕೂರಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಜೊತೆಗೆ ಮಕ್ಕಳೂ ಹೋಗುತ್ತಿದ್ದರು. ಕೆಲವರು ತಿರುಗಿ ಶಾಲೆಗೆ ಬರುತ್ತಲೇ ಇರಲಿಲ್ಲ. ಹಿಂದಿನ ವರ್ಷ ರೇಣುಕಳ ಗೆಳತಿ ಹಾಗೆಯೇ ಹೋಗಿದ್ದಳು. ಅದಕ್ಕೇ ಈ ಕಾನೂನು: ಈ ಶಾಲೆಯ ಯಾರೇ ಆಗಲಿ, ಸಭೆಗೆ ಕಾರಣ ಹೇಳಿ ಒಪ್ಪಿಗೆ ಪಡೆಯದೆ ಶಾಲೆ ಬಿಡುವಂತಿಲ್ಲ. ಒಂದು ವಿರೋಧವೂ ಇಲ್ಲದೆ ಪಾಸಾಯಿತು.

ಅದರ ಬಿಸಿ ಮೊದಲು ತಟ್ಟಿದ್ದು ಮುಖ್ಯಮಂತ್ರಿಗೇ. ತಿಪ್ಪೇಶನನ್ನು ಕರೆದೊಯ್ಯಲು ಅವನ ಅಪ್ಪ ಹೆಗಲ ಮೇಲೆ ಕಂಬಳಿ ಹೊದ್ದು, ಮೈತುಂಬ ಕುರಿಯ ವಾಸನೆ ಹೊತ್ತು ಬಂದರು. ಮೇಡಂ ನನ್ನ ಕಡೆ ಕೈ ತೋರಿಸಿದರು. ನಾನು ಎದ್ದು ನಿಂತು ಕಾನೂನು ಓದಿದೆ. ಅವರು ನಗುತ್ತಾ, ಇದು ಯಾವ ಕೋರ್ಟು ಎಂದರು. ಆದರೆ ರುಮಾಲು ತೆಗೆದು ಚಾಪೆಯ ಮೇಲೆ ಕೂತರು. ಸಂತೇಬೆನ್ನೂರು ಕಡೆ ಹೋಗುವುದಾಗಿಯೂ ಸಂಕ್ರಾಂತಿಗೆ ಮುಂಚೆ ಹುಡುಗನನ್ನು ತಂದು ಬಿಡುವುದಾಗಿಯೂ ಹೇಳಿದರು. ಒಪ್ಪಿಗೆ ಕೊಟ್ಟೆವು. ಮಾತಿಗೆ ತಪ್ಪದೆ ಕರೆತಂದರು ಕೂಡ. ಕಪ್ಪಾಗಿ ಬಂದ ತಿಪ್ಪೇಶ, ನಕಾಶೆಯಲ್ಲಿ ತಾನು ನಡೆದ ದಾರಿಗೆ ಕುರಿ ಹಿಕ್ಕೆ ಜೋಡಿಸಿ ಎಲ್ಲರಿಂದ ಬೈಸಿಕೊಂಡ.

ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ. ಅಧಿವೇಶನ ಶುರುವಾದಾಗ ಮೇಡಂ ತಮ್ಮ ಕುರ್ಚಿಯಲ್ಲಿ ಕೂರಲಿಲ್ಲ. ಸದಸ್ಯರು ನಿಂತು ಮಾತಾಡುವ ಚಾಪೆಯ ಮೇಲೆ ಬಂದು ನಿಂತರು.

"ಮಾನ್ಯ ಸಭಾಧ್ಯಕ್ಷರೇ, ನನಗೆ ನ್ಯಾಮತಿ ಕಡೆಗೆ ವರ್ಗ ಆಗೈತೆ. ಹೋಗಾಕೆ ಸಭೆಯ ಒಪ್ಪಿಗೆ ಬೇಕು."

ಇದೂ ಪಾಠವೇ ಇರಬೇಕೆಂದು ಹಿಂದಿನ ಸಾಲಿನವರು ನಕ್ಕರು. ಮೇಡಂ ನಗಲಿಲ್ಲ. ನಗು ನಿಂತಿತು. ರೇಣುಕ ಎದ್ದು, ಕಾರಣ ಹೇಳ್ರಿ, ಕಾರಣ ಹೇಳ್ದೆ ಒಪ್ಪಿಗೆ ಕೇಳಂಗಿಲ್ಲ ಎಂದಳು. ಅವಳ ದನಿ ಆಗಲೇ ಒಡೆದಿತ್ತು.

ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದರು: "ನನ್ನ ಮಗಳು ಊರಲ್ಲಿ ಅವರಜ್ಜಿ ಹತ್ರ ಅದಾಳೆ. ಒಂದನೇ ಕ್ಲಾಸು. ನಾನು ಶನಿವಾರ ಹೋದ್ರೆ ಅರ್ಧ ದಿನ ಹತ್ರ ಬರಲ್ಲ, ಬಾಗಿಲ ಸಂದಿಯಿಂದ ನೋಡ್ತಾಳೆ. ಬಂದು ಮಡಿಲಲ್ಲಿ ಕೂರೋ ಹೊತ್ತಿಗೆ ನನ್ನ ಬಸ್ಸಿನ ಟೈಮಾಗಿರ್ತೈತೆ."

ತಿಪ್ಪೇಶ ಎದ್ದ. "ನಮ್ಮಪ್ಪ ಕೇಳಿದಾಗ ಬಿಟ್ರಲ್ಲ, ಮೇಡಂನೂ ಬಿಡ್ರಿ."

"ನಿಮ್ಮಪ್ಪ ತಿರುಗಿ ಬರ್ತೀವಿ ಅಂದಿದ್ದ," ಎಂದಳು ರೇಣುಕ. ಮೇಡಂ ಕಡೆ ತಿರುಗಿದಳು. "ನೀವು ಬರ್ತೀರೇನ್ರಿ?"

ಬರುತ್ತೇನೆ ಎಂದು ಸುಳ್ಳು ಹೇಳಿ ಅವರು ನಮ್ಮನ್ನು ಸುಮ್ಮನಾಗಿಸಬಹುದಿತ್ತು. ದೊಡ್ಡವರು ಹಾಗೆಯೇ ಮಾಡುತ್ತಾರೆ. ಮೇಡಂ ಇಲ್ಲ ಎಂದರು.

ಮತಕ್ಕೆ ಹಾಕಿದೆ. ಬೇಡ ಎಂದು ಎದ್ದ ಕೈಗಳು ಹತ್ತು. ಹೋಗಲಿ ಎಂದು ಎದ್ದವು ಹತ್ತು. ತಪ್ಪಾಗಿರಲೆಂದು ಬೇಡಿಕೊಳ್ಳುತ್ತಾ ಮತ್ತೆ ಎಣಿಸಿದೆ. ಅಷ್ಟೇ ಇದ್ದವು.

ಇಡೀ ಕೋಣೆ ನನ್ನತ್ತ ತಿರುಗಿತು. ಮೇಡಂ ಮಾತ್ರ ನನ್ನನ್ನು ನೋಡದೆ ಕಿಟಕಿಯ ಆಚೆ ಕಣ್ಣಿಟ್ಟರು. ನನ್ನ ಮನಸ್ಸಿನ ಮೇಲೆ ಒತ್ತಾಯ ಬೀಳಬಾರದೆಂದು ಹಾಗೆ ಮಾಡಿದರೆಂದು ಈಗ ತಿಳಿಯುತ್ತದೆ. ನಮ್ಮ ಸಭೆ ಬೇಡವೆಂದರೂ ಇಲಾಖೆಯ ಆದೇಶ ನಿಲ್ಲುತ್ತಿರಲಿಲ್ಲ ಎಂಬುದೂ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ನಾನು ಬೇಡವೆಂದರೆ ಅವರು ಇರುತ್ತಾರೆ ಎಂದೇ ನಂಬಿದ್ದೆ. ಬೇಡ ಎನ್ನುವ ಮಾತು ಗಂಟಲತನಕ ಬಂದಿತ್ತು. ಅಷ್ಟರಲ್ಲಿ ಕಂಡೇ ಇರದ ಆ ಹುಡುಗಿ ಕಣ್ಣ ಮುಂದೆ ಬಂದಳು, ಬಾಗಿಲ ಸಂದಿಯಿಂದ ಒಂದೇ ಕಣ್ಣಲ್ಲಿ ನೋಡುತ್ತಾ.

ನಾನು ಕೈ ಎತ್ತಿದೆ. "ಸಭೆ ಒಪ್ಪೈತೆ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಕುರ್ಚಿಯಲ್ಲೇ ಅಳು ಬಂತು. ಮೇಡಂ ಬಂದು ತಲೆ ಮೇಲೆ ಕೈಯಿಟ್ಟರು. "ಅಧ್ಯಕ್ಷರು ಅಳಬಾರ್ದು ಅಂತ ಯಾವ ಕಾನೂನಲ್ಲೂ ಇಲ್ಲ, ಅಳವ್ವ" ಎಂದರು.

ಮರುದಿನ ಶನಿವಾರ ಅವರು ಹೋದರು. ಬಸ್ಸಿನ ತನಕ ಎಲ್ಲರೂ ಹೋಗಿದ್ದೆವು, ರೇಣುಕ ಒಬ್ಬಳ ಹೊರತು. ಅವಳು ನನ್ನೊಂದಿಗೆ ಮಾತಾಡಿದ್ದು ಪರೀಕ್ಷೆ ಮುಗಿದ ಮೇಲೆಯೇ. ಹೊಸದಾಗಿ ಬಂದ ಸರ್ ಒಳ್ಳೆಯವರು, ಪುಸ್ತಕವನ್ನು ಪುಟ ಬಿಡದೆ ಮುಗಿಸಿದರು. ಅಧಿವೇಶನ ಮತ್ತೆ ಸೇರಲಿಲ್ಲ.

ಈಗ ನನಗೆ ನಿಜವಾದ ಮತವಿದೆ, ಮತದಾರರ ಚೀಟಿಯೂ ಇದೆ. ಹೋಗುವವರೂ ಹೋಗುತ್ತಲೇ ಇದ್ದಾರೆ. ಗೆಳತಿಯರು ಒಬ್ಬೊಬ್ಬರಾಗಿ ಫೋನ್ ನಂಬರು ಬದಲಿಸಿಕೊಂಡು ಮರೆಯಾದರು. ಹೋದ ಚಳಿಗಾಲದಲ್ಲಿ ತಾತ ಬೆಳಗಿನ ಕಾಫಿ ಆರುವ ಮುಂಚೆಯೇ ಹೊರಟುಬಿಟ್ಟರು. ಹತ್ತು ವರ್ಷದ ಹುಡುಗಿಯ ಎದುರು ಎದ್ದು ನಿಂತು, ಕಾರಣ ಹೇಳಿ, ಹೋಗಲೇ ಎಂದು ಕೇಳಿದವರು ಮೇಡಂ ಒಬ್ಬರೇ. ಆಮೇಲೆ ಯಾರೂ ಕೇಳಲಿಲ್ಲ. ಕೇಳಿದ್ದರೆ, ಬೇಡ ಅನ್ನುತ್ತಿದ್ದೆ.